ಸೀಟಿನ ಕೆಳಗಿನ ಒಂದು ಕಿಲೋ

ಶ್ರೀನಿವಾಸಪುರ, ಹೊರಡುವ ಮೊದಲು

ಮಸ್ಕತ್ತಿಗೆ ಹೋಗಿ ಬಂದು ಮೂರು ತಿಂಗಳಾಯಿತು. ಯಾರಾದರೂ ಕೇಳಿದರೆ ಸಮುದ್ರ, ಖರ್ಜೂರ, ಬಿಳಿ ಮನೆಗಳು ಇಷ್ಟು ಹೇಳಿ ಮುಗಿಸು, ಆ ಕಾರಿನ ಸುದ್ದಿ ಎತ್ತಬೇಡ ಎಂದು ನನಗೆ ಬುದ್ಧಿ ಹೇಳಿದವರು ಬಹಳ ಮಂದಿ. ಎತ್ತುತ್ತೇನೆ. ಸಮುದ್ರವನ್ನು ನಾನು ನೋಡಿದ್ದು ಒಟ್ಟು ಇಪ್ಪತ್ತು ನಿಮಿಷ. ಆ ಕಾರನ್ನು ಈಗಲೂ ದಿನಾ ನೋಡುತ್ತಿದ್ದೇನೆ. ಕೋಲಾರದ ಬಸ್ಸಿನಲ್ಲಿ ಮುಂದಿನ ಸೀಟು ಸ್ವಲ್ಪ ಹಿಂದಕ್ಕೆ ವಾಲಿದರೂ ಸಾಕು, ಕೈ ತಾನಾಗಿ ಕಂಬಿ ಹಿಡಿಯುತ್ತದೆ.

ನಾನು ಬಿ.ಎಸ್ಸಿ. ಓದಿ ಕ್ಯಾಲನೂರಿನ ಕಡೆ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ಭಾವ ನಾರಾಯಣಸ್ವಾಮಿ ಆವನಿಯವರು. ಮುಳಬಾಗಿಲಿನ ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಲಾರಿಗಳಿಗೆ ಟಿಂಕರಿಂಗ್ ಮಾಡುತ್ತ, ಅಂದರೆ ನೆಗ್ಗಿದ ತಗಡನ್ನು ಬಡಿದು ಸರಿ ಮಾಡುತ್ತ ಕೆಲಸ ಕಲಿತು, ಹದಿನೈದು ವರ್ಷದಿಂದ ಮಸ್ಕತ್ತಿನಲ್ಲಿ ಅದೇ ಕೆಲಸ ಮಾಡುತ್ತಿದ್ದಾರೆ. ಕಳೆದ ವರ್ಷ ಅವರ ಫೋನಿನಲ್ಲಿ ಒಂದು ಹಳೆಯ ಕಾರಿನ ಮಾತು ಹೆಚ್ಚಾಯಿತು. ಅದನ್ನು ಕಾಲು ಮೈಲಿ ನೇರ ಓಟದ ಪಂದ್ಯಕ್ಕೆ ತಯಾರು ಮಾಡುತ್ತಿದ್ದಾರಂತೆ. ಇಬ್ಬರು ಪಕ್ಕಪಕ್ಕ ನಿಲ್ಲುವುದು, ಹಸಿರು ದೀಪ ಬಿದ್ದ ಕೂಡಲೇ ಬಿಡುವುದು, ಮೊದಲು ಮುಟ್ಟಿದವನು ಗೆದ್ದ. ತಿರುವಿಲ್ಲ, ಏನಿಲ್ಲ. ಓಡಿಸುವವರು ಯಾರು ಎಂದು ಅಕ್ಕ ಕೇಳಿದಾಗಲೆಲ್ಲ ಭಾವ ಮಾತು ಬದಲಿಸುತ್ತಿದ್ದರು.

"ನೀನು ಹೋಗಿ ನೋಡಿ ಬಾರೋ," ಎಂದಳು ಅಕ್ಕ. "ನೋಡಿದ್ದನ್ನ ನೋಡಿದ ಹಂಗೇ ಹೇಳು. ನಂಗೆ ಅಷ್ಟೇ ಬೇಕಾಗಿರೋದು."

ನಾನು ಹೋಗುವುದು ಗೊತ್ತಾದ ಮೇಲೆ ಭಾವ ಒಂದು ಸಾಮಾನು ತರಹೇಳಿದರು. ಕಾರಿನ ಸೀಟು. ಅಂಗಡಿಯಲ್ಲಿ ಸಿಗುವುದಲ್ಲ, ತಮಗೆ ಕೆಲಸ ಕಲಿಸಿದ ಮುನಿವೆಂಕಟಪ್ಪನವರ ಕೈಯಲ್ಲಿ ಅಲ್ಯೂಮಿನಿಯಂ ಬಡಿದು ಮಾಡಿಸಿದ್ದು, ಹಗುರವಾಗಿರಬೇಕು. ಡೇರಿಗೆ ದೊಡ್ಡ ಕೂಲರ್ ಬಂದ ಮೇಲೆ ಹಳೆಯ ಹಾಲಿನ ಕ್ಯಾನುಗಳು ನೆಗ್ಗಿಕೊಂಡು ಮೂಲೆಯಲ್ಲಿ ಬಿದ್ದಿದ್ದವು. ಎರಡು ಕ್ಯಾನನ್ನು ಕೇಳಿ ಪಡೆದು ಮುಳಬಾಗಿಲಿಗೆ ಹೊತ್ತೆ. ಮುನಿವೆಂಕಟಪ್ಪ ಕ್ಯಾನನ್ನು ಸೀಳಿ, ಮರಳಿನ ಚೀಲದ ಮೇಲಿಟ್ಟು ಮೂರು ದಿನ ಮರದ ಸುತ್ತಿಗೆಯಲ್ಲಿ ಬಡಿದರು. ಬೆನ್ನಿನ ಅಳತೆಗೆ ನನ್ನನ್ನೇ ಕೂರಿಸಿಕೊಂಡರು. ನಾರಾಯಣಸ್ವಾಮಿ ನಿನಗಿಂತ ಅರ್ಧ ಗೇಣು ಕಿರಿದು ಎಂದು ಹೇಳಿ ಅಂದಾಜಿನಲ್ಲೇ ಒಳಗೆ ತಗ್ಗಿಸಿದರು. ಮಾಲೂರಿನಲ್ಲಿ ಆಟೋ ಸೀಟು ಹೊಲಿಯುವವನೊಬ್ಬ ಕೆಂಪು ರೆಕ್ಸಿನ್ ಹೊದಿಸಿಕೊಟ್ಟ. ಹೂವಿನ ಚಿತ್ತಾರ ಬೇಡವೆಂದರೆ ಅವನಿಗೆ ಬೇಸರವಾಯಿತು.

ಸೀಟು ಎಷ್ಟು ತೂಗುತ್ತದೆ ಎಂದು ಭಾವ ದಿನಕ್ಕೆರಡು ಸಲ ಕೇಳುತ್ತಿದ್ದರು. ಶ್ರೀನಿವಾಸಪುರದ ಮಾವಿನ ಮಂಡಿಗೆ ಒಯ್ದೆ. ಕಾಯಿಯ ಕಾಲವಲ್ಲ, ಕಾಟಾ ಖಾಲಿ ಇತ್ತು. ಮೂವತ್ತು ವರ್ಷದಿಂದ ಅಲ್ಲಿ ತೂಕ ಹಾಕುವ ಶ್ರೀರಾಮಪ್ಪ ಸೀಟನ್ನು ಇಟ್ಟು, ತನ್ನ ಕಡೆಗಿದ್ದ ಅಂಕಿ ನೋಡಿ "ಐದು" ಎಂದರು. ನಾನು ಭಾವನಿಗೆ ಐದು ಎಂದು ಕಳಿಸಿದೆ. ಅಷ್ಟೇ. ಈ ಕಥೆಯ ತಪ್ಪು ಹುಟ್ಟಿದ್ದು ಅಲ್ಲಿ, ಹಾಡುಹಗಲು, ನನ್ನ ಕಣ್ಣೆದುರು.

ವಿಮಾನ ನಿಲ್ದಾಣ

ಸೀಟನ್ನು ಗೋಣಿಚೀಲದಲ್ಲಿ ಸುತ್ತಿ ಹಗ್ಗ ಬಿಗಿದಿದ್ದೆ. ಕೂರುವ ತಗ್ಗು ವ್ಯರ್ಥವಾಗಬಾರದೆಂದು ಅಕ್ಕ ಅದರೊಳಗೆ ರಾಗಿಹಿಟ್ಟು, ಹುಣಸೆಹಣ್ಣು, ಮಾವಿನ ಉಪ್ಪಿನಕಾಯಿ ತುಂಬಿದ್ದಳು. ಕೌಂಟರಿನ ಹುಡುಗಿ ಇದೇನೆಂದು ಕೇಳಿದಳು. ಸೀಟು ಎಂದೆ. ಅವಳು ನಗದೆ, ವಿಮಾನದಲ್ಲಿ ನಮ್ಮದೇ ಸೀಟು ಇರುತ್ತದೆ ಸರ್ ಎಂದಳು. ನನ್ನ ಹಿಂದಿದ್ದವರು ನಕ್ಕರು. ಗಂಟನ್ನು ಬಿಚ್ಚಿಸಿ, ಮೂಸಿ, ಮತ್ತೆ ಕಟ್ಟಿಸುವ ಹೊತ್ತಿಗೆ ನಾನು ಬೆವರಿ ಹೋಗಿದ್ದೆ. ಅಲ್ಲಿಯ ಕಾಟಾ ನಿಜ ಹೇಳುತ್ತಿತ್ತೋ ಏನೋ, ಆದರೆ ಅದು ತೂಗಿದ್ದು ಉಪ್ಪಿನಕಾಯಿ ಸಮೇತ.

ಮಸ್ಕತ್, ಮೊದಲ ದಿನ

ಇಳಿದಾಗ ನನಗೆ ಆವನಿ ಬೆಟ್ಟದ ನೆನಪಾಯಿತು. ಅಂಥದ್ದೇ ಬರಿ ಕಲ್ಲು. ನಮ್ಮಲ್ಲಿ ಕಲ್ಲಿನ ಸಂದಿಯಲ್ಲಿ ಒಂದು ಸೀತಾಫಲವೋ ಲಂಟಾನವೋ ಇಣುಕುತ್ತದೆ, ಅಲ್ಲಿ ಅದೂ ಇಲ್ಲ. ಬೆಟ್ಟವನ್ನು ತೊಳೆದು ಒಣಗಲು ಇಟ್ಟಂತಿತ್ತು. ಅದರ ಕೆಳಗೆ ಬಿಳಿ ಮನೆಗಳು, ಒಂದರ ಗೋಡೆಯೂ ಮಾಸಿಲ್ಲ.

ಭಾವ ನೇರವಾಗಿ ಯಜಮಾನ ಸಲೀಂ ಸಾಹೇಬರ ಮನೆಗೆ ಕರೆದೊಯ್ದರು. ಅಲ್ಲಿ ಕೆಲಸದವರೆಲ್ಲ ಯಜಮಾನನನ್ನು ಅರ್ಬಾಬ್ ಎನ್ನುತ್ತಾರೆ. ಐವತ್ತು ದಾಟಿದ, ಭಾರಿ ದೇಹದ, ಹಿಂದಿ ಚೆನ್ನಾಗಿ ಆಡುವ ಮನುಷ್ಯ. ಬೆರಳಿನಷ್ಟು ಚಿಕ್ಕ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಾಫಿ ಕೊಟ್ಟರು. ಕುಡಿದು ಬಟ್ಟಲು ಮುಂದಿಟ್ಟೆ, ತುಂಬಿದರು. ಬಿಟ್ಟರೆ ಅವಮಾನವಾದೀತೆಂದು ಕುಡಿದೆ, ಮತ್ತೆ ತುಂಬಿದರು. ಒಂಬತ್ತನೆಯ ಬಟ್ಟಲಿಗೆ ನನ್ನ ಎದೆ ಡವಗುಟ್ಟತೊಡಗಿತು. ಸಾಕಾದರೆ ಖಾಲಿ ಬಟ್ಟಲನ್ನು ಎರಡು ಸಲ ಅಲ್ಲಾಡಿಸಬೇಕಂತೆ. ಭಾವನಿಗೆ ಗೊತ್ತಿತ್ತು. ಹೇಳದೆ ಗೋಡೆ ನೋಡಿಕೊಂಡು ಕೂತಿದ್ದರು. ಹೊರಗೆ ಬಂದ ಮೇಲೆ "ನಾನು ಬಂದಾಗ ಹದಿಮೂರು ಕುಡಿದಿದ್ದೆ ಕಣೋ, ನೀನು ವಾಸಿ," ಎಂದರು.

ಕಾರು ಸಲೀಂ ಅವರ ತಂದೆಯದು. ಸುಮಾರು ಐವತ್ತು ವರ್ಷದ ಹಿಂದಿನ, ಎರಡು ಬಾಗಿಲಿನ ಚಿಕ್ಕ ಜಪಾನಿ ಕಾರು. ಸಲೀಂ ಕಾರು ಕಲಿತದ್ದು ಅದರಲ್ಲೇ. ಅದನ್ನು ಗುಜರಿಗೆ ಹಾಕಲು ಮನಸ್ಸಿಲ್ಲದೆ ಪಂದ್ಯಕ್ಕೆ ಇಳಿಸಲು ನಿರ್ಧರಿಸಿದ್ದರು. ಭಾವನಿಗೂ ಅವರಿಗೂ ನಡುವೆ ಒಂದು ಒಪ್ಪಂದವಾಗಿತ್ತು. ಕಾರಿನ ತೂಕವನ್ನು ಏಳುನೂರು ಕಿಲೋಗೆ ಇಳಿಸಿದರೆ ಓಡಿಸುವವರು ಭಾವ. ಒಂದು ಕಿಲೋ ಹೆಚ್ಚಾದರೂ ಸಲೀಂ.

ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ ಹೀಗೆ ಮೊದಲ ದಿನವೇ ಸಿಕ್ಕಿತು. ನಾನು ಬೈದೆ. ಭಾವ ಕೇಳಿಸಿಕೊಂಡು ಕೊನೆಗೆ ಇಷ್ಟೇ ಹೇಳಿದರು: "ಹದಿನೈದು ವರ್ಷ ಬೇರೇವ್ರು ಗುದ್ದಿದ್ದನ್ನ ನಾನು ಬಡಿದು ನೆಟ್ಟಗೆ ಮಾಡಿದೀನಿ. ಒಂದ್ ಸಲ ನಾನು ಮಾಡಿದ್ದನ್ನ ನಾನೇ ಓಡಿಸ್ಬೇಕು ಕಣೋ. ಅಷ್ಟೇ."

ಪಕ್ಕದ ಗ್ಯಾರೇಜಿನವರು ಇವರನ್ನು ಟಿಂಕರನಿಗೆ ಸುತ್ತಿಗೆ ಸಾಕು, ಸ್ಟಿಯರಿಂಗ್ ಯಾಕೆ ಎಂದು ಆಡಿಕೊಳ್ಳುತ್ತಿದ್ದರು. ಅದು ಗೊತ್ತಾದ ಮೇಲೆ ನನ್ನ ಬೈಗುಳ ಸ್ವಲ್ಪ ತಣ್ಣಗಾಯಿತು.

ಗ್ಯಾರೇಜು, ನಾಲ್ಕನೆಯ ದಿನ

ಮುಳಬಾಗಿಲಿನಲ್ಲಿ ಭಾವ ಮಾಡುತ್ತಿದ್ದುದು ತೂಕ ಸೇರಿಸುವ ಕೆಲಸ. ಟೊಮೆಟೊ ಹೊರುವ ಟೆಂಪೊಗಳಿಗೆ ಇನ್ನೊಂದು ಪಟ್ಟೆ, ಇನ್ನೊಂದು ಕಬ್ಬಿಣ. ಇಲ್ಲಿ ತಿರುಗುಮುರುಗು. ಹಿಂದಿನ ಸೀಟು, ಹೀಟರು, ಕಾರ್ಪೆಟ್ಟು, ಹಾರ್ನು ಎಲ್ಲ ಕಿತ್ತಾಗಿತ್ತು. ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಬಂದಿತ್ತು. ಶಬ್ದ ಬರದಿರಲೆಂದು ತಳಕ್ಕೆ ಬಳಿದಿದ್ದ ಟಾರಿನ ಮೇಲೆ ಮೀನಿನವರಿಂದ ತಂದ ಡ್ರೈ ಐಸ್ ಹರಡಿ, ಆ ಚಳಿಗೆ ಟಾರು ಗಾಜಿನಂತೆ ಪೆಡಸಾದ ಮೇಲೆ ಉಳಿಯಲ್ಲಿ ಎಬ್ಬಿಸಿದ್ದರು. ಬಾಗಿಲಿನ ಒಳತಗಡು ಜರಡಿಯಂತೆ ತೂತು ತೂತಾಗಿತ್ತು. ಬಣ್ಣ ಕೂಡ ತೂಗುತ್ತದೆ ಎಂದು ಅದನ್ನೂ ಕೆರೆದಿದ್ದರು. ಬೋಲ್ಟುಗಳು ನಟ್ಟಿನಾಚೆ ಚಾಚಿದ್ದಲ್ಲೆಲ್ಲ ಗರಗಸ ಹಾಕಿ ತುದಿ ಕತ್ತರಿಸಿ, ಆ ತುಣುಕುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಅಲ್ಲಾಡಿಸಿ ತೋರಿಸಿದರು. ಮುಕ್ಕಾಲು ಕಿಲೋ ಇದೆ ಎಂದರು, ಮಗುವಿನ ಹಲ್ಲು ತೋರಿಸುವ ಹಾಗೆ.

ತಳದ ತಗಡನ್ನೂ ಕತ್ತರಿಸಿ ತೆಳ್ಳಗಿನದು ಹಾಕಿದ್ದರು. ಸೀಟಿನ ನಾಲ್ಕು ಬೋಲ್ಟು ಆ ತಗಡಿನ ಮೂಲಕ ಕೆಳಗೆ ಇಳಿದು, ತಗಡಿನ ಅಡಿಯಲ್ಲಿ ಅಂಗೈಯಗಲದ ಒಂದೊಂದು ಉಕ್ಕಿನ ಪ್ಲೇಟನ್ನು ಹಿಡಿದಿದ್ದವು. ತಪಾಸಣೆಯವರು ಗುರುವಾರ ಬಂದು ಎಲ್ಲ ಅಲ್ಲಾಡಿಸಿ ನೋಡಿ ಒಪ್ಪಿಗೆ ಕೊಟ್ಟು ಹೋದರು.

ಅವರು ಹೋದ ಮೇಲೆ ನಾಲ್ಕು ಚಕ್ರದ ಕೆಳಗೆ ನಾಲ್ಕು ಕಾಟಾ ಇಟ್ಟರು. ಏಳುನೂರ ಒಂದು.

ಭಾವ ಸೀಟನ್ನು ಬಿಚ್ಚಿ ಅದೊಂದನ್ನೇ ಇಟ್ಟು ತೂಗಿದರು. ಆರು.

"ಏನ್ಲಾ ಮಂಜ, ಐದು ಅಂದಿದ್ದೆ?"

ಆಗ ನನಗೆ ಮಂಡಿ ಕಣ್ಣೆದುರು ಬಂತು. ಶ್ರೀರಾಮಪ್ಪ ಯಾವ ಸಾಮಾನು ಇಟ್ಟರೂ ಕ್ರೇಟಿನ ತೂಕ, ತೊಟ್ಟು, ಕೊಳೆತದ್ದು ಎಂದು ಒಂದಿಷ್ಟು ಮುರಿದೇ ಅಂಕಿ ಹೇಳುವವರು. ಅದು ಮೋಸ ಎಂದು ಕೂಡ ಅವರಿಗೆ ಅನಿಸುವುದಿಲ್ಲ, ನಾಲಗೆಗೆ ಹತ್ತಿದ ಅಭ್ಯಾಸ. ಕ್ರೇಟೂ ಇಲ್ಲ, ತೊಟ್ಟೂ ಇಲ್ಲ, ಆದರೂ ಒಂದು ಕಿಲೋ ಮುರಿದಿದ್ದರು. ಚಿಕ್ಕಂದಿನಿಂದ ಆ ಮಂಡಿ ಕಂಡವನು ನಾನು. ಹಾಲಿನಲ್ಲಿ ಒಂದು ಹನಿ ನೀರಿದ್ದರೆ ಹಿಡಿಯುವವನು. ಅಂಕಿಯನ್ನು ಬಗ್ಗಿ ನೋಡಲಿಲ್ಲ.

ಕಿತ್ತುಹಾಕಲು ಇನ್ನೇನೂ ಉಳಿದಿರಲಿಲ್ಲ. ಭಾವ ಕಾರಿನ ಸುತ್ತ ಎರಡು ಸುತ್ತು ಬಂದು, ಕೆಳಗೆ ಮಲಗಿ, ಮೇಲಿಂದ ಬೋಲ್ಟು ತಿರುಗದಂತೆ ಹಿಡಿ ಎಂದು ನನ್ನ ಕೈಗೆ ಸ್ಪ್ಯಾನರ್ ಕೊಟ್ಟರು. ನಾಲ್ಕು ಪ್ಲೇಟು ಒಂದೊಂದಾಗಿ ಹೊರಬಂದವು. ಅವುಗಳ ಜಾಗಕ್ಕೆ ಎಂಟಾಣೆಯಗಲದ ನಾಲ್ಕು ವಾಷರ್. ಕಾಟಾ ಏಳುನೂರು ತೋರಿಸಿತು. ಸಲೀಂ ಬಂದು ನೋಡಿ, ಭಾವನ ಬೆನ್ನು ತಟ್ಟಿ, ಹೆಲ್ಮೆಟ್ಟನ್ನು ಅವರ ಕೈಗಿಟ್ಟರು.

ಬಲ ಚಿಕ್ಕ ಜಾಗದಲ್ಲಿ ಬಿದ್ದರೆ ಒತ್ತಡ ಹೆಚ್ಚು, ಅಗಲ ಜಾಗದಲ್ಲಿ ಹರಡಿದರೆ ಕಡಿಮೆ. ಇದನ್ನು ನಾನು ಎಸ್ಸೆಸ್ಸೆಲ್ಸಿಯಲ್ಲಿ ಓದಿದ್ದೇನೆ, ಟ್ಯೂಷನ್ ಹೇಳಿದ್ದೇನೆ. ಸ್ಪ್ಯಾನರ್ ಹಿಡಿದಾಗಲೂ ನೆನಪಿಗೆ ಬಂದಿತ್ತು. ಆದರೆ ಆ ಒಂದು ಕಿಲೋ ನನ್ನಿಂದ ಬಂದದ್ದು. ಬಾಯಿ ಬಿಡಲು ನಾಚಿಕೆಯಾಯಿತು.

ಮರಳುಗಾಡಿನ ಪಟ್ಟಿ, ಶುಕ್ರವಾರ

ಊರಾಚೆ ಮರಳಿನ ನಡುವೆ ಕಪ್ಪು ರಸ್ತೆ, ಎರಡು ಬದಿಗೂ ಸೊಂಟದೆತ್ತರದ ಕಾಂಕ್ರೀಟು ಗೋಡೆ. ಜನ ಮನೆಮಂದಿ ಸಮೇತ ಬಂದು, ಚಾಪೆ ಹಾಸಿ, ದೊಡ್ಡ ತಟ್ಟೆಯ ಸುತ್ತ ಕೂತು ಅನ್ನ ಮಾಂಸ ಉಣ್ಣುತ್ತಿದ್ದರು. ಗುರುತು ಪರಿಚಯ ಇಲ್ಲದ ಒಬ್ಬ ಅಜ್ಜ ನನ್ನನ್ನು ಕೈಹಿಡಿದು ಕೂರಿಸಿಕೊಂಡು, ನನಗೆ ಮಾಂಸ ಬೇಡವೆಂದು ತಿಳಿದ ಮೇಲೆ ಇಡೀ ತಟ್ಟೆಯಿಂದ ದ್ರಾಕ್ಷಿ ಆರಿಸಿ ಆರಿಸಿ ನನ್ನ ಕಡೆಗೆ ತಳ್ಳಿದರು. ನಮ್ಮ ಊರಿನ ಮದುವೆಯಲ್ಲೂ ನನಗೆ ಅಷ್ಟು ಉಪಚಾರ ಆಗಿಲ್ಲ.

ಭಾವನ ಸರದಿ ಬಂತು. ನಾನು ಆರಂಭದ ಗೆರೆಯ ಹಿಂದೆ, ಕಾರಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಹಿಂದಿನ ಚಕ್ರ ನಿಂತಲ್ಲೇ ಗರಗರ ತಿರುಗಿಸಿ ಬಿಸಿ ಮಾಡಿದರು. ಹೊಗೆಯ ನಡುವೆ ಹೆಲ್ಮೆಟ್ ಒಮ್ಮೆ ನನ್ನ ಕಡೆ ತಿರುಗಿ ಅಲ್ಲಾಡಿತು. ಹಳದಿ ದೀಪ, ಹಸಿರು ದೀಪ.

ಆಮೇಲಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಆದರೆ ಪ್ರತಿ ಸಲವೂ ಅದೇ ಕ್ರಮ. ಕಾರು ಚಿಮ್ಮಿತು. ಒಳಗಿಂದ ತಗಡು ಹರಿದ ಸದ್ದು ಬಂತು, ಚಿಕ್ಕದು, ಡಬ್ಬದ ಮುಚ್ಚಳ ಎಬ್ಬಿಸಿದಷ್ಟು. ಹಿಂದಿನ ಕಿಟಕಿಯಲ್ಲಿ ಕಾಣುತ್ತಿದ್ದ ಹೆಲ್ಮೆಟ್ ಕೆಳಗೆ ಬಿದ್ದು ಮಾಯವಾಯಿತು. ಓಡಿಸುವವನೇ ಇಲ್ಲದ ಕಾರು ಇನ್ನೊಂದು ಕಾರಿನ ಪಕ್ಕದಲ್ಲಿ ಓಡುತ್ತಿತ್ತು. ಅದು ಮೊದಲು ಆ ಕಾರಿನ ಕಡೆ ವಾಲಿತು, ಎದುರಾಳಿ ಮುಂದೆ ಹೋಗಿಬಿಟ್ಟದ್ದರಿಂದ ತಗುಲಲಿಲ್ಲ. ಆಮೇಲೆ ಈಚೆ ತಿರುಗಿ ಗೋಡೆಗೆ ಮೈ ಉಜ್ಜಿಕೊಂಡು ಕಿಡಿ ಹಾರಿಸುತ್ತ ಹೋಗಿ ನಿಂತಿತು.

ನಾನು ಓಡಿದೆ. ಯಾರೋ ಅಂಗಿ ಹಿಡಿದು ಎಳೆದರು, ಅಂಗಿ ಹರಿಯಿತು, ಓಡಿದೆ. ಸೀಟು ಹಿಂದಕ್ಕೆ ಮಗುಚಿ, ಭಾವ ಕಾಲು ಮೇಲಾಗಿ ಛಾವಣಿ ನೋಡುತ್ತ ಮಲಗಿದ್ದರು. ಕಾಲು ಆಕ್ಸಿಲರೇಟರಿನಿಂದ ಎದ್ದುಹೋದದ್ದೇ ಜೀವ ಉಳಿಸಿದ್ದು. ಬ್ರೇಕು ಸಿಗಲಿಲ್ಲ, ಸ್ಟಿಯರಿಂಗ್ ಸಿಗಲಿಲ್ಲ, ಆಕಾಶವೂ ಕಾಣಲಿಲ್ಲ ಎಂದು ಆಮೇಲೆ ಹೇಳಿದರು. ಒಂದು ಭುಜ ಉಳುಕಿತ್ತು, ನಾಲಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ. ಸೀಟಿನ ಮುಂದಿನ ಎರಡು ಬೋಲ್ಟು ವಾಷರಿನ ಸಮೇತ, ಸುತ್ತಲಿನ ತಗಡನ್ನೂ ಹರಿದುಕೊಂಡು ಮೇಲೆ ಬಂದಿದ್ದವು.

ಶನಿವಾರ

ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಕೋಣೆಯಲ್ಲಿ ಮಲಗಿದ್ದ ಭಾವ ಮೊದಲು ಹೇಳಿದ್ದು, ನಿಮ್ಮಕ್ಕನಿಗೆ ಹೇಳಬೇಡ ಎಂದು. ಪಕ್ಕದ ಗ್ಯಾರೇಜಿನವರು ಹಣ್ಣು ತಂದು ಕೊಟ್ಟು, ಹೋಗುವಾಗ ಬಾಗಿಲಲ್ಲಿ ನಿಂತು ಸುತ್ತಿಗೆಯ ಮಾತನ್ನು ಮತ್ತೊಮ್ಮೆ ಆಡಿ ಹೋದರು. ಸಲೀಂ ಸಾಹೇಬರು ಬಂದು ತಲೆ ತಗ್ಗಿಸಿ ಕೂತಿದ್ದು, ಇನ್ನು ಮುಂದೆ ನಾನೇ ಓಡಿಸುತ್ತೇನೆ ಎಂದು ಹೇಳಿ ಎದ್ದುಹೋದರು. ಪ್ಲೇಟು ತೆಗೆದದ್ದನ್ನು ಭಾವ ಅವರಿಗೂ ಮುಚ್ಚಿಡಲಿಲ್ಲ. ಅದಕ್ಕೇ ಅವರಿಗೆ ಕೋಪಕ್ಕಿಂತ ಭಯ ಹೆಚ್ಚಾಗಿತ್ತು.

ನಾನು ಅಕ್ಕನಿಗೆ ಫೋನ್ ಮಾಡಿದೆ. ಭಾವ ಒಂದೇ ಕೈಯಲ್ಲಿ ಕಿತ್ತುಕೊಳ್ಳಲು ನೋಡಿದರು, ಕೊಡಲಿಲ್ಲ. ಮಂಡಿಯ ಐದು, ಇಲ್ಲಿಯ ಆರು, ಸ್ಪ್ಯಾನರ್ ಹಿಡಿದ ನನ್ನ ಕೈ, ಗೋಡೆ, ಕಿಡಿ, ಎಲ್ಲ ಹೇಳಿದೆ. ಅವಳು ಮುಗಿಯುವ ತನಕ ಕೇಳಿದಳು. ಆಮೇಲೆ ಸ್ಪೀಕರ್ ಹಾಕು ಎಂದಳು.

"ರೀ, ಕೇಳಿಸ್ತಿದೆಯಾ? ಬಿಟ್ಬಿಡಿ ಅಂತ ನಾನು ಹೇಳಲ್ಲ. ಹೇಳಿದ್ರೂ ನೀವು ಬಿಡಲ್ಲ. ಆ ಪ್ಲೇಟು ಹಾಕ್ಕೊಂಡು ಓಡಿಸಿ. ಇನ್ನೊಂದ್ ಸಲ ಅದನ್ನ ತೆಗೆದ್ರೆ ಮಾತ್ರ ಆವನಿಗೆ ಬರ್ಬೇಡಿ."

ಭಾವ ಗಾಯದ ನಾಲಗೆಯಲ್ಲಿ "ಸರಿನಮ್ಮ" ಎಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದನ್ನೂ ಬರೆಯಬೇಡ ಎಂದಿದ್ದಾರೆ.

ಮುಂದಿನ ಶುಕ್ರವಾರ

ವಾರವಿಡೀ ಭಾವ ಒಂದು ಕೈಯಲ್ಲಿ ತೋರಿಸಿದರು, ನಾನು ಎರಡು ಕೈಯಲ್ಲಿ ಬಡಿದೆ. ಗೋಡೆಗೆ ಉಜ್ಜಿದ ಮೈ ಸರಿಹೋಯಿತು, ಚೆಲುವಾಗಿ ಅಲ್ಲ. ಸೀಟಿನ ಬೆನ್ನನ್ನು ನೆಟ್ಟಗೆ ಮಾಡಿದೆವು. ತಳಕ್ಕೆ ದಪ್ಪ ತಗಡು ಬಿತ್ತು, ಅದರಡಿಗೆ ಮೊದಲಿನ ಪ್ಲೇಟಿಗಿಂತ ಅಗಲದ ಪ್ಲೇಟು. ನಟ್ಟು ಬಿಗಿದ ಮೇಲೆ ಅಡಿಯಲ್ಲಿ ಮಲಗಿ ನಾಲ್ಕನ್ನೂ ಮುಟ್ಟಿ ನೋಡಿದೆ. ಎದ್ದು ಬಂದು, ಮತ್ತೆ ಹೋಗಿ ಮಲಗಿ ಮುಟ್ಟಿದೆ. ಇದು ನನಗೆ ಈಗ ಅಂಟಿಕೊಂಡ ರೋಗ, ಗುಣವಾಗಲಿ ಎಂಬ ಆಸೆಯೂ ಇಲ್ಲ. ಅಷ್ಟು ಹೊತ್ತಿಗೆ ಭಾವನ ಭುಜದ ಪಟ್ಟಿಯನ್ನೂ ವೈದ್ಯರು ಬಿಚ್ಚಿದ್ದರು.

ಪಂದ್ಯದ ಜಾಗದಲ್ಲಿ ಕಾಟಾ ಏಳುನೂರ ಮೂರು ತೋರಿಸಿತು. ಸಲೀಂ ಹೆಲ್ಮೆಟ್ಟಿಗೆ ಕೈ ಚಾಚಿದರು. ಒಪ್ಪಂದ ಒಪ್ಪಂದವೇ. ಭಾವ ಕೊಡಲು ಎರಡು ಹೆಜ್ಜೆ ಮುಂದಿಟ್ಟರು.

ನಾನು ಅಡ್ಡ ನಿಂತೆ. ನನ್ನ ಹಿಂದಿ ಚೆನ್ನಾಗಿಲ್ಲ, ಆ ಹೊತ್ತಿಗೆ ಇನ್ನೂ ಕೆಟ್ಟಿತು. ಕಾರು ತಾನಾಗಿ ಓಡುವುದಿಲ್ಲ ಸಾಹೇಬರೇ, ಓಡಿಸುವವನನ್ನು ಒಳಗೆ ಕೂರಿಸಿ ತೂಗಿ ಎಂದೆ. ಇಷ್ಟು ದಿನ ನಾವೆಲ್ಲ ಅರ್ಧ ತೂಕ ಹಾಕಿಕೊಂಡು ಬಂದಿದ್ದೇವೆ ಎಂದೆ. ಸುತ್ತ ಜನ ಸೇರಿದರು. ಸಲೀಂ ನನ್ನನ್ನು ನೋಡಿದರು, ಭಾವನನ್ನು ನೋಡಿದರು, ಮೊದಲು ತಾವೇ ಹತ್ತಿ ಕೂತರು. ಸೀಟು ಅವರಿಗೆ ಇರುಕಾಯಿತು. ಮುನಿವೆಂಕಟಪ್ಪ ಅದನ್ನು ಅರ್ಧ ಗೇಣು ತಗ್ಗಿಸಿದ್ದು ಬೇರೆಯವರಿಗಾಗಿ. ಏಳುನೂರ ತೊಂಬತ್ತೊಂಬತ್ತು. ಅವರು ಕಷ್ಟಪಟ್ಟು ಇಳಿದ ಮೇಲೆ ಭಾವ ಹತ್ತಿದರು. ಏಳುನೂರ ಐವತ್ತೇಳು.

ಸಲೀಂ ಅಂಕಿಯನ್ನು ಓದಿ ತಮ್ಮ ಹೊಟ್ಟೆ ತಟ್ಟಿಕೊಂಡರು. ಈ ಕಾರಿನಿಂದ ತೆಗೆಯಬೇಕಾಗಿದ್ದ ದೊಡ್ಡ ಸಾಮಾನು ನಾನೇ, ಇಷ್ಟು ದಿನ ನೀವ್ಯಾರೂ ಹೇಳಲಿಲ್ಲವಲ್ಲ ಎಂದರು. ಆಮೇಲೆ ತಾವೇ ಬಗ್ಗಿ ಭಾವನ ಬೆಲ್ಟು ಬಿಗಿದರು. ಎಡಗೈಯಿಂದ ಸೀಟಿನ ಬೆನ್ನನ್ನು ಜಗ್ಗಿ ಜಗ್ಗಿ ನೋಡಿದರು.

ಹಸಿರು ದೀಪ ಬಿದ್ದಾಗ ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚುತ್ತೇನೆಂದು ಎಲ್ಲರೂ ಅಂದುಕೊಂಡಿದ್ದರು. ಹಿಂದಿನ ಕಿಟಕಿಯಲ್ಲಿ ಹೆಲ್ಮೆಟ್ ಇತ್ತು. ನೂರು ಹೆಜ್ಜೆ ದೂರ ಹೋದಾಗಲೂ ಇತ್ತು. ಚುಕ್ಕಿಯಷ್ಟಾದಾಗಲೂ ಇತ್ತು. ಪಕ್ಕದ ಕಾರು ಮೊದಲು ಮುಟ್ಟಿತು. ಭಾವ ಸೋತರು. ಹಿಂತಿರುಗಿ ಬಂದು, ಹೆಲ್ಮೆಟ್ ತೆಗೆದು "ಸ್ವಲ್ಪದ್ರಲ್ಲಿ ಹೋಯ್ತು ಕಣೋ," ಎಂದರು. ಮುಖ ಗೆದ್ದವರ ಮುಖಕ್ಕಿಂತ ಹೆಚ್ಚು ಅರಳಿತ್ತು. ಪಕ್ಕದ ಗ್ಯಾರೇಜಿನವರು ಅವತ್ತು ಸುತ್ತಿಗೆಯ ಮಾತು ಎತ್ತಲಿಲ್ಲ.

ಮತ್ತೆ ಶ್ರೀನಿವಾಸಪುರ

ನಾನು ಅಲ್ಲಿಂದ ತಂದದ್ದು ಖರ್ಜೂರ, ಮತ್ತು ಒಂದು ಬೋಲ್ಟು. ಅದರ ಕೊರಳಿಗೆ ವಾಷರ್ ಇದೆ, ವಾಷರಿನ ಸುತ್ತ ಹರಿದ ತಗಡು ಹೂವಿನ ಎಸಳಿನಂತೆ ಎದ್ದಿದೆ. ಅಕ್ಕ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದಳು, ಬೆರಳಿಗೆ ಚುಚ್ಚಿಸಿಕೊಂಡಳು. ದೇವರ ಮನೆಯಲ್ಲಿಡಲಿಲ್ಲ, ಎಸೆಯಲೂ ಇಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದಾಳೆ.

ಆ ಸೀಟು ಒಮ್ಮೆ ಮಗುಚಿದ್ದು, ಅದರ ಮೇಲೆ ನನಗೆ ನಂಬಿಕೆ ಇಲ್ಲ, ಮುಂದಿನ ಚಳಿಗಾಲಕ್ಕೆ ಹೊಸದು ಹೋಗಬೇಕು ಎಂದು ಅವಳೇ ಹೊರಟಳು. ನೆಂಟರು ಗಂಡನನ್ನು ತಡೆಯುವುದು ಬಿಟ್ಟು ಇವಳೇ ಕಳಿಸುತ್ತಾಳೆ ಎಂದು ಮಾತಾಡಿಕೊಂಡರು. ಮಾತಾಡಲಿ. ಮತ್ತೆ ಎರಡು ಕ್ಯಾನು, ಮತ್ತೆ ಮುನಿವೆಂಕಟಪ್ಪನವರ ಮೂರು ದಿನ. ಕಳೆದ ವಾರ ಅದನ್ನು ತೂಗಿಸಲು ಮಂಡಿಗೆ ಹೋದೆವು. ಈಗ ಮಾವಿನ ಕಾಲ. ಬಾದಾಮಿ, ತೋತಾಪುರಿ ಕ್ರೇಟುಗಳ ನಡುವೆ ಕಾಲಿಡಲು ಜಾಗವಿಲ್ಲ. ಸರದಿಯಲ್ಲಿ ರೈತರು ನಿಂತಿದ್ದರು, ನಾವೂ ಸೀಟು ಹಿಡಿದು ನಿಂತೆವು.

ಸೀಟು ಕಾಟಾದ ಮೇಲೆ ಕೂತಿತು. ಶ್ರೀರಾಮಪ್ಪ ಅಂಕಿ ನೋಡಿ "ಐದೂವರೆ" ಎಂದರು.

ಅಕ್ಕ ಮುಂದೆ ಹೋಗಿ, ಅಂಕಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಕಡೆಗೆ ತಿರುಗಿಸಿದಳು. ಆರೂವರೆ.

"ಇದ್ರಲ್ಲಿ ನನ್ನ ಗಂಡ ಕೂತ್ಕೊಳ್ಳೋದು, ಶ್ರೀರಾಮಣ್ಣ," ಎಂದಳು. "ಮುರೀಬೇಡಿ."

ಶ್ರೀರಾಮಪ್ಪನ ಮುಖದಲ್ಲಿ ಸಿಟ್ಟಿರಲಿಲ್ಲ, ನಿದ್ದೆಯಿಂದ ಎಬ್ಬಿಸಿದವರಂತಿದ್ದರು. ಅಭ್ಯಾಸ ಕಣಮ್ಮ ಎಂದು ಗೊಣಗಿ, ಡಬ್ಬಿಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಲು ಕೈ ನೀಡಿದರು.

ನಮ್ಮ ಹಿಂದೆ ಕ್ರೇಟಿನ ಮೇಲೆ ಒಂದು ಕಾಲಿಟ್ಟು ನಿಂತಿದ್ದ ರೈತ ಬೀಡಿಯನ್ನು ಬಾಯಿಂದ ತೆಗೆದ.

"ಅದನ್ನ ಹಂಗೇ ಬಿಡಣ್ಣ," ಎಂದ. "ಮುಂದಿಂದು ನಂದು."